ಕಾರ್ಯಕ್ರಮ ಮುಗಿದ ಮೇಲಿನ ಐದು ಸೆಕೆಂಡ್: ನಿರ್ಮಾಣ ಸಂಸ್ಥೆಗಳ ಲೋಗೋ ಸಂಗೀತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಈ ವಿಷಯ ಕೇಳುವವರು ಎರಡು ಬಗೆ. ಮನೆಯ ಅಟ್ಟದ ಮೇಲೆ ಹಳೆ ವಿಎಚ್‌ಎಸ್ ಟೇಪುಗಳಿರುವವರು ಒಂದು ಕಡೆ, ಲೋಕಲ್ ಕೇಬಲ್ಲಿಗೋ ಯೂಟ್ಯೂಬಿಗೋ ಕಾರ್ಯಕ್ರಮ ಮಾಡುತ್ತಿರುವವರು ಇನ್ನೊಂದು ಕಡೆ. ಇಬ್ಬರಿಗೂ ಬೇಕಾದದ್ದು ಇಲ್ಲಿದೆ. ಮೊದಲರ್ಧ ಕೇಳುವವರಿಗೆ, ಉಳಿದದ್ದು ಮಾಡುವವರಿಗೆ.

ಕೊನೆಯ ಲೋಗೋ ಅಂದರೆ ಯಾವುದು? ಚಾನೆಲ್ ಲೋಗೋ ಬೇರೆಯೇ?

ಬೇರೆ. ಚಾನೆಲ್ ಲೋಗೋ ಪರದೆಯ ಮೂಲೆಯಲ್ಲಿ ಇಡೀ ದಿನ ಕೂತಿರುತ್ತದೆ. ನಿರ್ಮಾಣ ಸಂಸ್ಥೆಯ ಲೋಗೋ ಹೆಸರುಗಳ ಪಟ್ಟಿ ಮುಗಿದ ಮೇಲೆ ಎರಡರಿಂದ ಐದು ಸೆಕೆಂಡ್ ಬಂದು ಹೋಗುತ್ತದೆ. ವಚನದ ಕೊನೆಗೆ ಅಂಕಿತ ಬರುತ್ತದಲ್ಲ, ಹಾಗೆ. ಬಸವಣ್ಣನವರ ವಚನದಲ್ಲಿ ಮೇಲಿನ ಸಾಲುಗಳು ಏನೇ ಹೇಳಲಿ, 'ಕೂಡಲಸಂಗಮದೇವಾ' ಬಂದ ಕೂಡಲೇ ಯಾರದು ಅಂತ ತಿಳಿಯುತ್ತದೆ. ಅದೇ ಅಂಕಿತವನ್ನು ಒಬ್ಬ ಗಾಯಕ ಭೈರವಿಯಲ್ಲಿ ಹಾಡಬಹುದು, ಇನ್ನೊಬ್ಬ ಭೂಪದಲ್ಲಿ ಹಾಡಬಹುದು. ಲೋಗೋ ಸಂಗೀತದ ರೂಪಾಂತರವೂ ಇಷ್ಟೇ: ಹೆಸರು ಅದೇ, ಹಾಡುವ ಬಗೆ ಬೇರೆ.

ದೂರದರ್ಶನದ ಸುತ್ತುವ ಕಣ್ಣಿನ ಟ್ಯೂನ್ ಈ ಲೆಕ್ಕಕ್ಕೆ ಬರುತ್ತದಾ?

ಬರುವುದಿಲ್ಲ, ಅದು ವಾಹಿನಿಯ ಗುರುತಿನ ನಾದ. ಪಂಡಿತ್ ರವಿಶಂಕರ್ ಮತ್ತು ಶಹನಾಯಿಯ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಕಟ್ಟಿದ ಆ ಟ್ಯೂನ್ 1976ರಿಂದ ಕೇಳಿಬಂತು. ಆದರೂ ಈ ಭಾಗದವರ ಕಿವಿಗೆ ಟೀವಿ ಅಂದರೆ ಮೊದಲು ನೆನಪಾಗುವುದು ಅದೇ, ಅದಕ್ಕೆ ಕಾರಣವೂ ಇದೆ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸಲು 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಗುಲಬರ್ಗಾ ದೂರದರ್ಶನ ಕೇಂದ್ರ 1977ರಲ್ಲಿ ಶುರುವಾಯಿತು, ಬೆಂಗಳೂರಿನದು 1981ರಲ್ಲಿ. ರಾಜಧಾನಿಗಿಂತ ಮೊದಲು ಟೀವಿ ನೋಡಿದ ಊರುಗಳು ನಮ್ಮವು, ಇದನ್ನು ಇಲ್ಲಿಯವರೇ ಮರೆತಿದ್ದಾರೆ.

ಲೋಗೋ ಸಂಗೀತ ಯಾವ ಯಾವ ರೀತಿ ಬದಲಾಗುತ್ತದೆ?

ಬೇಕಂತಲೇ ಮಾಡಿದ ಬದಲಾವಣೆ ಒಂದು. ಅದರಲ್ಲಿ ಪೂರ್ತಿ ಟ್ಯೂನನ್ನು ಮೊಟಕು ಮಾಡಿದ್ದು, ಅದೇ ಟ್ಯೂನನ್ನು ಬೇರೆ ವಾದ್ಯದಲ್ಲಿ ನುಡಿಸಿದ್ದು, ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನೇ ಲೋಗೋ ಮೇಲೂ ಮುಂದುವರಿಸಿದ್ದು, ಹಬ್ಬಕ್ಕೋ ಕೊನೆಯ ಕಂತಿಗೋ ವಿಶೇಷವಾಗಿ ಮಾಡಿದ್ದು, ಪೂರ್ತಿ ಮೌನವಾಗಿ ಬಿಟ್ಟದ್ದು ಎಲ್ಲ ಸೇರುತ್ತವೆ. ಯಂತ್ರ ಮಾಡಿದ ಬದಲಾವಣೆ ಇನ್ನೊಂದು: ಟೇಪಿನ ವೇಗ, ಪ್ರಸಾರ ಪದ್ಧತಿಯ ವ್ಯತ್ಯಾಸ, ವಿಸಿಆರಿನ ಚಾಳಿ. ಮೂರನೆಯದು ಕಚೇರಿಯಲ್ಲಿ ಆದದ್ದು, ಹಳೆ ಲೋಗೋ ತೆಗೆದು ಹೊಸ ಒಡೆಯರ ಲೋಗೋ ಅಂಟಿಸಿದ್ದು.

'ಅಪರೂಪದ ರೂಪಾಂತರ ಸಿಕ್ಕಿದೆ' ಎಂದು ಯಾರಾದರೂ ತಂದುಕೊಟ್ಟರೆ ಮೊದಲು ಎರಡನೆಯ ಬಗೆಯನ್ನೇ ಸಂಶಯಿಸಿ. ಹೆಚ್ಚಿನವು ಅವೇ.

ಬೇಕಂತಲೇ ಮಾಡಿದ ರೂಪಾಂತರಕ್ಕೆ ಒಳ್ಳೆಯ ಉದಾಹರಣೆ ಯಾವುದು?

ಅಮೆರಿಕದ ಎಂಟಿಎಂ ಸಂಸ್ಥೆಯ ಬೆಕ್ಕಿನ ಮರಿ. ಸಿನಿಮಾದ ಎಂಜಿಎಂ ಸಿಂಹವನ್ನು ಅಣಕಿಸಲು ಅದೇ ಚೌಕಟ್ಟಿನಲ್ಲಿ 'ಮಿಯಾಂವ್' ಅನ್ನುವ ಮರಿಯನ್ನು ಕೂರಿಸಿದರು. ಆಮೇಲೆ ಧಾರಾವಾಹಿಗೆ ತಕ್ಕಂತೆ ಮರಿಯ ವೇಷ ಬದಲಾಯಿತು: ಪೊಲೀಸ್ ಕಥೆ 'ಹಿಲ್ ಸ್ಟ್ರೀಟ್ ಬ್ಲೂಸ್'ಗೆ ಪೊಲೀಸ್ ಟೋಪಿ, ಆಸ್ಪತ್ರೆಯ ಕಥೆ 'ಸೇಂಟ್ ಎಲ್ಸ್‌ವೇರ್'ಗೆ ಶಸ್ತ್ರಚಿಕಿತ್ಸೆಯ ಮುಖಗವಸು. 'ನ್ಯೂಹಾರ್ಟ್'ನಲ್ಲಿ ಮಿಯಾಂವ್ ಅಂದದ್ದು ಬೆಕ್ಕಲ್ಲ, ನಾಯಕ ನಟ ಬಾಬ್ ನ್ಯೂಹಾರ್ಟ್. 'ಸೇಂಟ್ ಎಲ್ಸ್‌ವೇರ್'ನ ಕೊನೆಯ ಕಂತು 1988ರಲ್ಲಿ ಬಂದಾಗ ಬೆಕ್ಕು ಯಂತ್ರಗಳ ನಡುವೆ ಮಲಗಿತ್ತು, ಹೆಸರುಗಳು ಸರಿದು ಮುಗಿದಂತೆ ಎದೆಬಡಿತದ ಸದ್ದು ಒಂದೇ ಉದ್ದ ಗೆರೆಯ ನಾದವಾಯಿತು. ಮಾತಿಲ್ಲ, ಟ್ಯೂನಿಲ್ಲ, ಆದರೂ ಇಷ್ಟು ಪೂರ್ಣವಾದ ಮುಕ್ತಾಯ ಇನ್ನೊಂದು ಸಿಗುವುದು ಕಷ್ಟ.

'ಬಫಿ ದ ವ್ಯಾಂಪೈರ್ ಸ್ಲೇಯರ್' ಧಾರಾವಾಹಿಯ ಮ್ಯೂಟೆಂಟ್ ಎನೆಮಿ ಲೋಗೋದಲ್ಲಿ ಕಾಗದದ ಪುಟ್ಟ ರಾಕ್ಷಸ ನಡೆದು ಹೋಗುತ್ತಾ 'ಗ್ರ್‌ರ್, ಆರ್ಘ್' ಅನ್ನುತ್ತದೆ. 2001ರಲ್ಲಿ ಒಂದು ಕಂತು ಪೂರ್ತಿ ಹಾಡಿನಲ್ಲೇ ನಡೆಯಿತು. ಆ ದಿನ ರಾಕ್ಷಸ ಅದೇ ಎರಡು ಸದ್ದನ್ನು ರಾಗವಾಗಿ ಹಾಡಿತು. 'ದ ಸಿಂಪ್ಸನ್ಸ್' ಕೊನೆಯಲ್ಲಿ ಬರುವ ಗ್ರೇಸಿ ಫಿಲ್ಮ್ಸ್ ಲೋಗೋದಲ್ಲಿ ಸಿನಿಮಾ ಮಂದಿರದ ಹೆಂಗಸು 'ಶ್' ಎಂದು ಗದ್ದಲ ಅಡಗಿಸುತ್ತಾಳೆ, ನಂತರ ಮೆದುವಾದ ಟ್ಯೂನ್. ಹ್ಯಾಲೋವೀನ್ ಕಂತುಗಳಲ್ಲಿ 'ಶ್' ಜಾಗಕ್ಕೆ ಕಿರುಚಾಟ, ಟ್ಯೂನ್ ಆರ್ಗನ್‌ನಲ್ಲಿ. ಚಿತ್ರ ಮುಟ್ಟಿಲ್ಲ, ಸ್ವರದ ಸಾಲೂ ಗುರುತು ಹತ್ತುತ್ತದೆ, ಭಾವ ಮಾತ್ರ ತಲೆಕೆಳಗು.

ಮೂರರಲ್ಲೂ ಒಂದು ಗುಟ್ಟಿದೆ: ವರ್ಷಗಟ್ಟಲೆ ಮಾಮೂಲಿ ರೂಪ ಕೇಳಿದ್ದರಿಂದಲೇ ಬದಲಾದದ್ದು ನಾಟಿತು. ಮೊದಲ ಹತ್ತು ಕಂತಿನಲ್ಲೇ ಹತ್ತು ತರಹ ಮಾಡಿದರೆ ರೂಪಾಂತರ ಅನ್ನಿಸುವುದಿಲ್ಲ, ಇವರಿಗೆ ಟ್ಯೂನೇ ಇಲ್ಲ ಅನ್ನಿಸುತ್ತದೆ.

ಕೆಲವು ಹಳೆ ಲೋಗೋ ಕೇಳಿದರೆ ಮಕ್ಕಳು ಹೆದರುತ್ತಿದ್ದರಂತೆ, ಯಾಕೆ?

ಅಮೆರಿಕದ ಅಭಿಮಾನಿಗಳು 1965ರ ಸ್ಕ್ರೀನ್ ಜೆಮ್ಸ್ ಲೋಗೋವನ್ನು 'ನರಕದ ಎಸ್' ಎಂದೂ, 1976ರ ವಯಾಕಾಮ್ ಲೋಗೋವನ್ನು 'ವಿನಾಶದ ವಿ' ಎಂದೂ ಕರೆಯುತ್ತಾರೆ. ಸ್ಕ್ರೀನ್ ಜೆಮ್ಸ್ ಟ್ಯೂನ್ ಮಾಡಿದವರು ಎಲೆಕ್ಟ್ರಾನಿಕ್ ಸಂಗೀತದ ಎರಿಕ್ ಸಿಡೇ. ಆ ಕಾಲದ ಸಿಂಥಸೈಸರ್ ದನಿಗೆ ಮನೆಯಲ್ಲಿ ಕೇಳಿದ ಯಾವ ವಾದ್ಯದ ಹೋಲಿಕೆಯೂ ಇರಲಿಲ್ಲ. ಹಾಸ್ಯ ಧಾರಾವಾಹಿಯ ಲವಲವಿಕೆಯ ಸಂಗೀತ ಥಟ್ಟನೆ ನಿಂತು, ಅಕ್ಷರವೊಂದು ಮುಖದ ಮೇಲೆ ಬಂದಂತೆ ಬೆಳೆಯುವಾಗ ಒಡೆದ ದನಿಯ ಸ್ವರಗಳು. ರಾತ್ರಿ ಹೊತ್ತು, ದೀಪ ಆರಿಸಿದ ಮನೆ. ಹೆದರಿಕೆ ಸಹಜ.

ನಮ್ಮ ಟೇಪಿನಲ್ಲಿರುವ ಲೋಗೋ ಅಮೆರಿಕದ ಪ್ರತಿಗಿಂತ ಏರುಶ್ರುತಿಯಲ್ಲಿದೆ. ಭಾರತಕ್ಕೆಂದೇ ಬೇರೆ ಮಾಡಿದ್ದರಾ?

ಇಲ್ಲ. ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತದೆ, ನಮ್ಮ ಪಾಲ್ ಪದ್ಧತಿಯ ಟೀವಿ 25. ಫಿಲ್ಮ್ ಪ್ರತಿಯನ್ನು ಪಾಲ್ ಟೇಪಿಗೆ ಇಳಿಸುವಾಗ ಸುಲಭದ ದಾರಿ ಹಿಡಿದು 25ರ ವೇಗದಲ್ಲೇ ಓಡಿಸಿಬಿಡುತ್ತಿದ್ದರು. ವೇಗ ಶೇಕಡಾ 4ರಷ್ಟು ಏರಿತು. ಶ್ರುತಿ ಒಂದು ಅರ್ಧಸ್ವರದ ಮುಕ್ಕಾಲು ಪಾಲಿನ ಹತ್ತಿರ, ಸರಿಯಾಗಿ 0.7ರಷ್ಟು, ಮೇಲೆ ಹೋಯಿತು. 440 ಹರ್ಟ್ಸ್ ಸ್ವರ 458 ಆಗುತ್ತದೆ. 5 ಸೆಕೆಂಡಿನ ಲೋಗೋ 4.8 ಸೆಕೆಂಡಿಗೆ ಮುಗಿಯುತ್ತದೆ.

ಪರೀಕ್ಷೆ ಹೀಗೆ. ಎರಡೂ ಪ್ರತಿಯ ಉದ್ದ ಅಳೆಯಿರಿ, ಒಂದು ಉದ್ದ ಸ್ವರದ ಕಂಪನಾಂಕ ಅಳೆಯಿರಿ. ಆಡಾಸಿಟಿಯಂತಹ ಉಚಿತ ಸಾಫ್ಟ್‌ವೇರ್ ಸಾಕು. ಉದ್ದ ಕಡಿಮೆಯಾದ ಪ್ರಮಾಣವೂ ಶ್ರುತಿ ಏರಿದ ಪ್ರಮಾಣವೂ ಒಂದೇ ಇದ್ದರೆ ಅದು ಬರೀ ವೇಗದ ಆಟ. ಉದ್ದ ಹಾಗೇ ಇದ್ದು ಶ್ರುತಿ ಮಾತ್ರ ಬದಲಾಗಿದ್ದರೆ ಆಗ ಕುತೂಹಲ ಪಡಿ: ಮತ್ತೆ ನುಡಿಸಿದ್ದಿರಬಹುದು.

ಅಮೆರಿಕದ ಎಲ್ಲ ಕಾರ್ಯಕ್ರಮಕ್ಕೂ ಈ ಲೆಕ್ಕ ಹೊಂದುವುದಿಲ್ಲ ಅನ್ನುವುದೂ ನೆನಪಿರಲಿ. ಟೀವಿ ಕ್ಯಾಮೆರಾದಲ್ಲಿ ತೆಗೆದವು, ಅಥವಾ ಫಿಲ್ಮಿನಲ್ಲಿ ತೆಗೆದರೂ ಅಮೆರಿಕದ ಪ್ರಸಾರ ಪದ್ಧತಿಯಾದ ಎನ್‌ಟಿಎಸ್‌ಸಿ ಟೇಪಿನಲ್ಲೇ ಸಂಕಲನ ಮುಗಿಸಿದವು ಪದ್ಧತಿ ಬದಲಾಯಿಸುವ ಯಂತ್ರದ ಮೂಲಕ ಬರುತ್ತಿದ್ದವು. ಆಗ ಚಿತ್ರ ತುಸು ಮಸುಕಾಗುತ್ತದೆ, ಶ್ರುತಿ ಕದಲುವುದಿಲ್ಲ.

ಮನೆಯಲ್ಲಿ ರೆಕಾರ್ಡ್ ಮಾಡಿದ ಟೇಪಿನ ವೇಗ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಕರೆಂಟಿನ ಗುಂಯ್ ಸದ್ದೇ ಅಳತೆಗೋಲು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ರೆಕಾರ್ಡ್ ಮಾಡುವಾಗ ಆ ಗುಂಯ್ ಟೇಪಿನೊಳಗೆ ಸೇರಿರುತ್ತದೆ. ಟೇಪು ಶೇಕಡಾ 2 ವೇಗವಾಗಿ ಓಡುತ್ತಿದ್ದರೆ ಅದು 51ರಲ್ಲಿ ಕಾಣುತ್ತದೆ. ಸದ್ದಿನ ಕಂಪನಾಂಕಗಳನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದು 100 ಹರ್ಟ್ಸಿನ ಕೆಳಗೆ ಹಿಗ್ಗಿಸಿ ನೋಡಿ. ಕೆಲವೊಮ್ಮೆ ಎರಡು ಗೆರೆ ಕಾಣುತ್ತವೆ: ಈಗ ನುಡಿಸುತ್ತಿರುವ ವಿಸಿಆರಿನದು ಸರಿಯಾಗಿ 50ರಲ್ಲಿ, ಟೇಪಿನೊಳಗಿನದು ಪಕ್ಕದಲ್ಲಿ. ಸರಿಪಡಿಸಬೇಕಾದದ್ದು ಪಕ್ಕದ ಗೆರೆಯನ್ನು. ಅಮೆರಿಕದಲ್ಲಿ ಆದ ರೆಕಾರ್ಡಿಂಗಿಗೆ ಈ ಗೆರೆ 60ರಲ್ಲಿರುತ್ತದೆ.

ವೇಗ ಸರಿಯಿದ್ದರೂ ಮೋಸ ಮಾಡುವ ಇನ್ನೊಂದು ಸಂಗತಿ ಇದೆ. ಬಹಳಷ್ಟು ವಿಸಿಆರುಗಳು ಮೋನೋ ಧ್ವನಿಯ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ಹೆಸರುಗಳ ಪಟ್ಟಿ ಮೆಲ್ಲಗೆ ಮುಗಿದರೆ ಯಂತ್ರ ಮಟ್ಟ ಏರಿಸಿಕೊಂಡು ಕೂರುತ್ತದೆ, ಲೋಗೋದ ಮೊದಲ ಹೊಡೆತ ಢಮ್ ಎಂದು ಬೀಳುತ್ತದೆ, ನಂತರ ಕುಗ್ಗುತ್ತದೆ. 'ಈ ಪ್ರತಿಯಲ್ಲಿ ಡ್ರಮ್ ಜೋರಾಗಿದೆ' ಎನ್ನುವ ಎಷ್ಟೋ ರೂಪಾಂತರಗಳ ಕಥೆ ಇಷ್ಟೇ.

ಚಿತ್ರ ಒಂದು ಸಂಸ್ಥೆಯದು, ಸಂಗೀತ ಇನ್ನೊಂದರದು ಕೇಳಿಸುತ್ತದೆ. ಹೇಗೆ?

ಸಂಸ್ಥೆ ಕೈ ಬದಲಾದಾಗ ಹಳೆ ಕಾರ್ಯಕ್ರಮದ ಕೊನೆಗೆ ಹೊಸ ಹೆಸರು ಅಂಟಿಸುತ್ತಾರೆ. ಸ್ಕ್ರೀನ್ ಜೆಮ್ಸ್ 1974ರಲ್ಲಿ ಕೊಲಂಬಿಯಾ ಪಿಕ್ಚರ್ಸ್ ಟೆಲಿವಿಷನ್ ಆಯಿತು, 1994ರಲ್ಲಿ ಕೊಲಂಬಿಯಾ ಟ್ರೈಸ್ಟಾರ್, 2002ರಲ್ಲಿ ಸೋನಿ ಪಿಕ್ಚರ್ಸ್ ಟೆಲಿವಿಷನ್. ಹಾಗಾಗಿ ಒಂದೇ ಕಂತು ಯಾವ ವರ್ಷದ ಮರುಪ್ರಸಾರ ಅನ್ನುವುದರ ಮೇಲೆ ನಾಲ್ಕು ಬಗೆಯ ಕೊನೆ ಸಿಗಬಹುದು. ಅಂಟಿಸುವವನು ಚಿತ್ರ ಬದಲಿಸಿ ಧ್ವನಿ ಹಾಗೇ ಬಿಟ್ಟರೆ, ಅಥವಾ ಹೊಸದು ಹಳೆಯದಕ್ಕಿಂತ ಗಿಡ್ಡವಾಗಿ ಹಳೆ ಟ್ಯೂನಿನ ಬಾಲ ಉಳಿದರೆ, ನೀವು ಹೇಳಿದ್ದು ಆಗುತ್ತದೆ. ಇದು ಸಂಗೀತ ನಿರ್ದೇಶಕನ ಕೆಲಸವಲ್ಲ, ಕತ್ತರಿಯದು. ಆದರೂ ದಾಖಲಿಸಿ; ಮುಚ್ಚಿಹೋದ ಹಳೆ ಟ್ಯೂನಿನ ಆ ಬಾಲವೇ ಕೆಲವೊಮ್ಮೆ ಉಳಿದಿರುವ ಏಕೈಕ ತುಣುಕು.

ಅಟ್ಟದ ಮೇಲಿನ ಟೇಪುಗಳನ್ನು ಡಿಜಿಟಲ್ ಮಾಡುವಾಗ ಏನು ನೋಡಿಕೊಳ್ಳಬೇಕು?

ಮೊದಲು ಟೇಪಿನ ಕಿಟಕಿಯಿಂದ ಸುರುಳಿಯ ಅಂಚು ನೋಡಿ. ಬಿಳಿ ಚುಕ್ಕೆ, ಬಲೆಯಂತಹ ಪದರ ಇದ್ದರೆ ಬೂಜು ಹಿಡಿದಿದೆ. ವಿಸಿಆರಿಗೆ ಹಾಕಬೇಡಿ, ಹೆಡ್ಡಿಗೆ ಹತ್ತಿ ಮುಂದಿನ ಟೇಪುಗಳಿಗೂ ಹರಡುತ್ತದೆ. ಚೆನ್ನಾಗಿರುವ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ನುಡಿಸಿ. ವರ್ಷಗಟ್ಟಲೆ ಬಿಗಿಯಾಗಿ ಕೂತ ಸುರುಳಿ ಸಡಿಲಾಗುತ್ತದೆ. ಮೇ ತಿಂಗಳ ಬಿಸಿಲಿಗೆ ಕಾದ ಅಟ್ಟದಿಂದ ಇಳಿಸಿದ ಕೂಡಲೇ ಕೂಲರ್ ಕೋಣೆಯಲ್ಲಿ ಹಾಕಬೇಡಿ, ಒಂದು ದಿನ ಕೋಣೆಯಲ್ಲಿಡಿ.

ಹೆಡ್ ಒರೆಸಲು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಮೆತ್ತನೆ ಚರ್ಮದ ತುಂಡು. ಹತ್ತಿಯ ಕಡ್ಡಿ ಬೇಡ, ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ತುಂಡನ್ನು ಅಲುಗಾಡದಂತೆ ಹಿಡಿದು ಡ್ರಮ್ಮನ್ನು ಬೆರಳಿನಿಂದ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿದೇ ಹೋಗುತ್ತದೆ. ಚಿತ್ರ 720 ಬೈ 576, ಸೆಕೆಂಡಿಗೆ 25 ಚೌಕಟ್ಟು. ಧ್ವನಿ 48 ಕಿಲೋಹರ್ಟ್ಸ್, ಸಂಕುಚಿತಗೊಳಿಸದ ವೇವ್ ಕಡತ. ಸದ್ದು ತೆಗೆಯುವ ಫಿಲ್ಟರನ್ನು ಮೂಲ ಕಡತದ ಮೇಲೆ ಎಂದೂ ಹಾಕಬೇಡಿ, ಪ್ರತಿ ಮಾಡಿ ಹಾಕಿ. ಲೋಗೋದ ಕೊನೆಯ ಅನುರಣನವನ್ನು ಆ ಫಿಲ್ಟರು ಗದ್ದಲ ಅಂದುಕೊಂಡು ತಿಂದುಬಿಡುತ್ತದೆ.

ಒಂದು ನಿರಾಶೆಗೆ ಸಿದ್ಧರಿರಿ. ಹೆಸರುಗಳು ಸರಿಯತೊಡಗಿದ ಕೂಡಲೇ ಮನೆಯವರು 'ಆತು, ಬಂದ್ ಮಾಡ್' ಅಂದು ಸ್ಟಾಪ್ ಒತ್ತಿರುತ್ತಾರೆ. ನೂರು ಟೇಪಿನಲ್ಲಿ ಬೇಕಾದಷ್ಟು ಕಥೆ ಇರುತ್ತದೆ, ಕೊನೆ ಇರುವುದು ಕೆಲವೇ ಕೆಲವಲ್ಲಿ.

ಎರಡು ಪ್ರತಿ ಒಂದೇ ರೆಕಾರ್ಡಿಂಗ್ ಹೌದೋ ಅಲ್ಲವೋ?

ಡಿಜಿಟಲ್ ಪ್ರತಿಗಳಾದರೆ ಮೊದಲ ಹೊಡೆತ ಒಂದರ ಮೇಲೊಂದು ಬರುವಂತೆ ಜೋಡಿಸಿ, ಒಂದರ ಧ್ವನಿ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿ. ಒಂದೇ ಆಗಿದ್ದರೆ ಹತ್ತಿರ ಹತ್ತಿರ ಮೌನ ಉಳಿಯುತ್ತದೆ. ಟೇಪಿನಿಂದ ಬಂದವಕ್ಕೆ ಈ ಪರೀಕ್ಷೆ ಹೊಂದದು, ಟೇಪಿನ ವೇಗ ಸದಾ ತುಸು ತೊನೆಯುತ್ತಿರುತ್ತದೆ. ಅವಕ್ಕೆ ಸ್ಪೆಕ್ಟ್ರೋಗ್ರಾಮ್ ಪಕ್ಕಪಕ್ಕ ಇಟ್ಟು ಕೊನೆಯ ಸ್ವರ ಆರುವ ಬಗೆ ನೋಡಿ. ಅದೇ ವಾದ್ಯಗಾರ ಅದೇ ಸಾಲು ಎರಡು ಸಲ ನುಡಿಸಿದರೂ ಕೊನೆಯ ಸ್ವರ ಎರಡು ಸಲ ಒಂದೇ ತರಹ ಆರುವುದಿಲ್ಲ.

ಡಬ್ಬಿಂಗ್ ಆದಾಗ ಲೋಗೋದ ಮಾತೂ ಬದಲಾಗುತ್ತದಾ?

ಸಾಮಾನ್ಯವಾಗಿ ಇಲ್ಲ. ಡಬ್ಬಿಂಗಿಗೆ ಕಳಿಸುವ ಮಾತಿಲ್ಲದ ಧ್ವನಿಪಟ್ಟಿಯಲ್ಲೇ ಲೋಗೋ ಸದ್ದು ಸೇರಿಕೊಂಡಿರುತ್ತದೆ.

ನಮ್ಮದೇ ಲೋಗೋ ಟ್ಯೂನ್ ಮಾಡಬೇಕು. ಎಷ್ಟು ಸೆಕೆಂಡ್, ಯಾವ ಲಯ?

ಐದು ಸೆಕೆಂಡಿಗಿಂತ ಹೆಚ್ಚು ಬೇಡ. 25 ಚೌಕಟ್ಟಿನ ಲೆಕ್ಕದಲ್ಲಿ ಅದು 125 ಚೌಕಟ್ಟು. ಲಯ ಆರಿಸುವಾಗ ಎಲ್ಲರೂ ನಿಮಿಷಕ್ಕೆ 120 ಮಾತ್ರೆ (ತಾಳದ ಎಣಿಕೆ) ಹಿಡಿಯುತ್ತಾರೆ, ಅಲ್ಲೇ ತೊಡಕು: ಒಂದು ಮಾತ್ರೆಗೆ ಹನ್ನೆರಡೂವರೆ ಚೌಕಟ್ಟು ಬರುತ್ತದೆ, ಒಂದು ಬಿಟ್ಟು ಒಂದು ಹೊಡೆತ ಎರಡು ಚಿತ್ರಗಳ ಸಂದಿಗೆ ಬೀಳುತ್ತದೆ. 125 ಹಿಡಿದರೆ ಮಾತ್ರೆಗೆ ಸರಿಯಾಗಿ 12 ಚೌಕಟ್ಟು. ನಿಧಾನ ಬೇಕಾದರೆ 100, ಆಗ 15 ಚೌಕಟ್ಟು.

ಕೊನೆ ಮಾಡಲು ನಮ್ಮ ಸಂಗೀತದಲ್ಲೇ ಸಿದ್ಧವಾದ ಉಪಾಯ ಇದೆ, ತಿಹಾಯಿ. ತಬಲದ ನುಡಿಯಾದ ಒಂದು ಬೋಲನ್ನು ಮೂರು ಸಲ ಹೇಳಿ ಸಮ್‌ಗೆ, ಅಂದರೆ ತಾಳದ ಆವರ್ತನದ ಮೊದಲ ಮಾತ್ರೆಗೆ, ಬಂದು ನಿಲ್ಲುವುದು. ಕೆಹರವಾ ತಾಳ ಎಂಟು ಮಾತ್ರೆ. 'ಕಿಟ ತಕ ಧಾ' ಮೂರು ಮಾತ್ರೆ, ಮೂರು ಸಲಕ್ಕೆ ಒಂಬತ್ತು. ಒಂಬತ್ತನೆಯದು ಮುಂದಿನ ಆವರ್ತನದ ಸಮ್. 125ರ ಲಯದಲ್ಲಿ ಕೊನೆಯ ಧಾ ಬೀಳುವುದು 96 ಚೌಕಟ್ಟು ಕಳೆದ ಮೇಲೆ, ಅಂದರೆ 3.84 ಸೆಕೆಂಡಿಗೆ. ಉಳಿದ 29 ಚೌಕಟ್ಟು ನಾದ ಆರಲು. ಗಿಡ್ಡ ರೂಪ ಬೇಕಾದರೆ ಕೊನೆಯ ಒಂದೇ 'ಕಿಟ ತಕ ಧಾ' ಇಡಿ: 24 ಚೌಕಟ್ಟಿಗೆ ಧಾ, 26 ಚೌಕಟ್ಟು ಬಾಲ, ಒಟ್ಟು ಎರಡು ಸೆಕೆಂಡ್. ಕಿವಿ ಮೊದಲೆರಡನ್ನು ತಾನೇ ತುಂಬಿಕೊಳ್ಳುತ್ತದೆ. ಆರು ಮಾತ್ರೆಯ ದಾದರಾ ತಾಳದಲ್ಲಾದರೆ ಒಂದು, ನಾಲ್ಕು, ಏಳನೆಯ ಮಾತ್ರೆಗೆ ಒಂದೊಂದು ಧಾ.

ಹೆಸರು ಪರದೆಯ ಮೇಲೆ ನಿಲ್ಲುವುದೂ ಸಮ್ ಬೀಳುವುದೂ ಒಂದೇ ಚೌಕಟ್ಟಿಗಾಗಲಿ. ತಪ್ಪಿದರೆ ಚಿತ್ರ ಒಂದು ಚೌಕಟ್ಟು ಮುಂದಿರಲಿ. ಗುಡುಗಿಗಿಂತ ಮಿಂಚು ಮುಂದೆ ಬರುವುದು ಕಿವಿಗೆ ರೂಢಿ. ಸದ್ದು ಮುಂದೆ ಬಂದರೆ ಕಣ್ಣಿಗೆ ಚುಚ್ಚುತ್ತದೆ.

ರಾಗ ಯಾವುದಿರಲಿ? ದುಃಖದ ಕಂತಿಗೆ, ಹಬ್ಬಕ್ಕೆ ಹೇಗೆ ಬದಲಿಸುವುದು?

ಸ್ವರ ಕಡಿಮೆ ಇರುವ ರಾಗ ತೆಗೆದುಕೊಳ್ಳಿ, ನಾಲ್ಕು ಸೆಕೆಂಡಿನಲ್ಲಿ ಗುರುತು ಹತ್ತಬೇಕು. ಭೂಪ ಒಳ್ಳೆಯ ಆಯ್ಕೆ: ಸಾ ರೇ ಗ ಪ ಧ. ಇದರಲ್ಲಿ ಶುದ್ಧ ಗಾಂಧಾರವೊಂದನ್ನು ಕೋಮಲ ಮಾಡಿದರೆ, ಅಂದರೆ ಅರ್ಧಸ್ವರ ಇಳಿಸಿದರೆ, ಶಿವರಂಜನಿಯ ಸ್ವರಗಳು. ಪ ಗ ರೇ ಸಾ ಎಂಬ ಅದೇ ಸಾಲು, ಒಂದೇ ಒಂದು ಮನೆ ಬದಲು, ಹರ್ಷ ಹೋಗಿ ಕರುಣೆ ಬರುತ್ತದೆ. ಅದಕ್ಕೇ ನಿಮ್ಮ ಸಾಲಿನಲ್ಲಿ ಗಾಂಧಾರ ಇರಲೇಬೇಕು, ಅದೂ ತುಸು ನಿಲ್ಲುವ ಜಾಗದಲ್ಲಿ. ಇಲ್ಲದಿದ್ದರೆ ಬದಲಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಆಕಾಶವಾಣಿಯ ಬೆಳಗಿನ ಗುರುತಿನ ನಾದ ಶಿವರಂಜನಿಯದೇ, ವಾಲ್ಟರ್ ಕಾಫ್‌ಮನ್ 1936ರಲ್ಲಿ ಮಾಡಿದ್ದು. ಆದ್ದರಿಂದ ನಿಮ್ಮ ದುಃಖದ ರೂಪ ಪಿಟೀಲಿನಲ್ಲಿ ಬೇಡ, ಜನಕ್ಕೆ ರೇಡಿಯೋ ನೆನಪಾಗುತ್ತದೆ.

ಇನ್ನೊಂದು ಸಣ್ಣ ಬದಲಾವಣೆ ನಿಲ್ಲುವ ಸ್ವರದ್ದು. ಕಥೆ ಮುಂದುವರಿಯುವ ದಿನ ಪಂಚಮಕ್ಕೆ ನಿಲ್ಲಿಸಿ. 'ಇನ್ನೂ ಐತಿ' ಅಂದಂತಾಗುತ್ತದೆ. ಕಥೆಯ ಕೊನೆಯ ಕಂತಿಗೆ ಮಾತ್ರ ಷಡ್ಜಕ್ಕೆ ಇಳಿಸಿ. ವರ್ಷವಿಡೀ ತಡೆದದ್ದು ಆ ದಿನ ಕೂಡಿಬರುತ್ತದೆ.

ಹಬ್ಬಕ್ಕೆ ವಾದ್ಯ ಬದಲಿಸಿದರೆ ಸಾಕು, ಸಾಲು ಮುಟ್ಟಬೇಡಿ. ಹಲಗಿ, ಶಹನಾಯಿ, ತತ್ವಪದದವರ ಏಕತಾರಿ ಮತ್ತು ದಮ್ಮಡಿ, ಇವು ಒಂದೇ ಏಟಿಗೆ ಊರು ಹೇಳುತ್ತವೆ. ಸಾವಿನಲ್ಲಿ ಮುಗಿದ ಕಂತಿಗೆ ತಾಳವನ್ನೇ ತೆಗೆದುಬಿಡಿ, ಬರೀ ಶ್ರುತಿ ಸಾಕು. ಹೆಣದ ಮುಂದೆ ತಿಹಾಯಿ ಬಾರಿಸಿದ ಹಾಗೆ ಆಗಬಾರದು.

ಮನೆಯಲ್ಲೇ ರೆಕಾರ್ಡ್ ಮಾಡಬಹುದಾ?

ಮಾಡಬಹುದು, ಶಹಾಬಾದ್ ಪರ್ಸಿಯನ್ನು ಗೆದ್ದರೆ. ನಮ್ಮ ಮನೆಗಳ ನೆಲ ಕಲ್ಲು, ಗೋಡೆ ಸುಣ್ಣ, ಮೇಲೆ ಆರ್‌ಸಿಸಿ. ಚಪ್ಪಾಳೆ ತಟ್ಟಿದರೆ ಝಣ್ ಅನ್ನುತ್ತದೆ. ನೆಲಕ್ಕೆ ದಪ್ಪ ಜಮಖಾನೆ ಹಾಸಿ, ವಾದ್ಯದ ಹಿಂದೆ ಮತ್ತು ಒಂದು ಪಕ್ಕ ಕೌದಿ ಇಳಿಬಿಡಿ, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು. ಆ ಸಂದಿಯಿಂದಲೇ ಕೆಳದನಿಯ ಗುಂಗು ಹೆಚ್ಚು ತಗ್ಗುತ್ತದೆ. ನಾಲ್ಕು ಕೌದಿ ಸಾಕು.

ಕೂಲರ್, ಫ್ಯಾನ್, ಫ್ರಿಜ್ ಬಂದ್. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಬೇಡಿ. ಅಗ್ಗದ ಇನ್ವರ್ಟರುಗಳ ಕರೆಂಟು ನುಣುಪಾದ ಅಲೆಯಲ್ಲ, 50ರ ಜೊತೆ 150, 250 ಹರ್ಟ್ಸಿನ ಝೇಂಕಾರ ಧ್ವನಿಗೆ ಸೇರುತ್ತದೆ, ತೆಗೆಯಲು ಬಲು ಕಷ್ಟ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ.

ಏಕತಾರಿಗೆ ಮೈಕ್ ಒಂದು ಅಡಿ ದೂರ. ಹಲಗಿಗೆ ನಾಲ್ಕರಿಂದ ಐದು ಅಡಿ, ಚರ್ಮಕ್ಕೆ ನೇರ ಹಿಡಿಯದೆ ತುಸು ಓರೆಯಾಗಿ. ಮಳೆಗಾಲದಲ್ಲಿ ಹಲಗಿ ಸಡಿಲಾಗಿ ದಬ್ ಅನ್ನುತ್ತದೆ. ಬೆಂಕಿಗೆ ಕಾಯಿಸಿಕೊಂಡ ಕೂಡಲೇ ನುಡಿಸಬೇಕು, ಹತ್ತು ಸಲ ಮತ್ತೆ ಮತ್ತೆ ತೆಗೆಯುವಷ್ಟು ಹೊತ್ತು ಆ ಬಿಗಿ ನಿಲ್ಲುವುದಿಲ್ಲ. ಅದಕ್ಕೆ ಹಲಗಿಯನ್ನೇ ಮೊದಲು ಮುಗಿಸಿ. ಅತಿ ಜೋರಿನ ಏಟು ಮೈನಸ್ 12 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಹಾರ್ಮೋನಿಯಂ ಇದ್ದರೆ ಉಳಿದ ವಾದ್ಯ ಅದಕ್ಕೆ ಹೊಂದಬೇಕು, ಅದು ಯಾರ ಮಾತೂ ಕೇಳುವುದಿಲ್ಲ. ಭಜನಿ ಪೆಟ್ಟಿಗೆಗಳ ಶ್ರುತಿ 440ಕ್ಕೆ ಕೂಡುತ್ತದೆ ಅಂತ ನಂಬಬೇಡಿ, ಅಳೆದು ಕೀಬೋರ್ಡನ್ನು ಅದಕ್ಕೆ ಹೊಂದಿಸಿ.

ಶ್ರುತಿ, ಸ್ವರಸಾಲು, ತಾಳ, ಕೊನೆಯ ಒಂದು ಹೊಡೆತ, ಈ ನಾಲ್ಕನ್ನು ಬೇರೆ ಬೇರೆ ಧ್ವನಿಪಟ್ಟಿಯಲ್ಲಿ (ಟ್ರ್ಯಾಕ್) ತೆಗೆಯಿರಿ. ಮುಂದೆ ಬೇಕಾಗುವ ರೂಪಗಳೆಲ್ಲ ಈ ನಾಲ್ಕನ್ನು ಕೂಡಿಸಿ ಕಳೆದೇ ಆಗುತ್ತವೆ. ಒಂದೇ ಪಟ್ಟಿಯಲ್ಲಿ ತೆಗೆದವರು ವರ್ಷ ಕಳೆದ ಮೇಲೆ ಅದೇ ವಾದ್ಯಗಾರರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಕೋಮಲ ಗಾಂಧಾರದ ಸಾಲನ್ನೂ ಅದೇ ದಿನ ನುಡಿಸಿ ಇಟ್ಟುಕೊಳ್ಳಿ.

ಫೋನಿನಲ್ಲಿ ಕೇಳಿದರೆ ಹಲಗಿಯೇ ಇಲ್ಲ!

ಫೋನಿನ ಪುಟ್ಟ ಸ್ಪೀಕರು ಕೆಳದನಿ ಹೊರಡಿಸಲಾರದು. ಹಲಗಿಯ ಗುಮ್ ಹೋಗಿ ಸಣ್ಣ ಕೋಲಿನ ಏಟು ಮಾತ್ರ ಉಳಿಯುತ್ತದೆ. ಮಿಶ್ರಣದಲ್ಲಿ ಆ ಏಟನ್ನೇ ಎತ್ತಿಕೊಡಿ. ಮೋನೋದಲ್ಲೂ ಒಮ್ಮೆ ಕೇಳಿ. ಎಡಬಲ ಅಗಲಿಸಿದ ಕೃತಕ ಸ್ಟೀರಿಯೋ ಒಂದೇ ಸ್ಪೀಕರಿಗೆ ಬಂದಾಗ ಒಂದನ್ನೊಂದು ಕಡಿದು ಟ್ಯೂನೇ ಮಾಯವಾಗುವುದುಂಟು.

ಧ್ವನಿಯ ಮಟ್ಟ ಎಷ್ಟಿರಬೇಕು?

ಯುರೋಪಿನ ಆರ್ 128 ಪ್ರಸಾರ ಮಾನದಂಡ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಅಮೆರಿಕದ್ದು ಮೈನಸ್ 24. ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಿದ್ದರೆ ತಗ್ಗಿಸುತ್ತದೆ, ಮೆಲ್ಲಗಿದ್ದರೆ ಏರಿಸುವುದಿಲ್ಲ. ಐದು ಸೆಕೆಂಡಿನ ತುಣುಕನ್ನು ಒಂಟಿಯಾಗಿ ಅಳೆದು ಹೊಂದಿಸಬೇಡಿ. ಕಾರ್ಯಕ್ರಮದ ಕೊನೆಯ ನಿಮಿಷದ ಜೊತೆ ಕೂಡಿಸಿ ಅಳೆಯಿರಿ. ಹಾಡುತ್ತಾ ಮುಗಿದ ಕಂತಿಗೆ ಸರಿ ಅನ್ನಿಸಿದ ಲೋಗೋ, ಪಿಸುಮಾತಿನಲ್ಲಿ ಮುಗಿದ ಕಂತಿಗೆ ಕಪಾಳಕ್ಕೆ ಹೊಡೆದಂತಿರುತ್ತದೆ. ಮೆಲುದನಿಯ ರೂಪವೊಂದು ಇರಲೇಬೇಕು ಅನ್ನುವುದು ಇದಕ್ಕೇ.

ಯೂಟ್ಯೂಬಿನಲ್ಲಿ ಕೊನೆಯ ಬಟನ್ನುಗಳು ಲೋಗೋ ಮುಚ್ಚುತ್ತವೆ.

ಎಂಡ್ ಸ್ಕ್ರೀನ್ ವಿಡಿಯೋದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಕೂರುತ್ತದೆ. ಲೋಗೋವನ್ನು ಅದಕ್ಕಿಂತ ಮೊದಲು ಮುಗಿಸಿ, ಉಳಿದ ಹೊತ್ತಿಗೆ ಶ್ರುತಿಪಟ್ಟಿಯನ್ನಷ್ಟೇ ಮೆಲ್ಲಗೆ ಹರಿಬಿಡಿ. ಲೋಗೋವೇ ಕಡತದ ಕೊನೆ ಆಗಿದ್ದರೆ ನಾದ ಆರಿದ ಮೇಲೂ ಅರ್ಧ ಸೆಕೆಂಡ್ ಮೌನ ಸೇರಿಸಿ, ಬಾಲ ಕತ್ತರಿಸಿ ಹೋಗುವುದು ತಪ್ಪುತ್ತದೆ.

ವಾದ್ಯಗಾರರಿಗೆ ದುಡ್ಡು ಕೊಟ್ಟಾಯಿತು. ಟ್ಯೂನ್ ನಮ್ಮದೇ ಅಲ್ಲವಾ?

ಬಾಯಿಮಾತಿನಲ್ಲಿ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಅವಧಿ, ಪ್ರದೇಶ, ಕೊಟ್ಟ ಮೊತ್ತ, ರೂಪಾಂತರ ಮಾಡುವ ಹಕ್ಕು, ನಾಲ್ಕನ್ನೂ ಬರೆಯಿರಿ. ರೂಪಾಂತರದ ಮಾತು ಬಿಟ್ಟವರೇ ಹೆಚ್ಚು, ಜಗಳ ಬರುವುದೂ ಅಲ್ಲೇ.

ಟ್ಯೂನನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದಾ?

ಆಗುತ್ತದೆ. ಭಾರತದಲ್ಲಿ ಮೊದಲ ಧ್ವನಿ ಟ್ರೇಡ್‌ಮಾರ್ಕ್ ಯಾಹೂ ಕೂಗಿಗೆ 2008ರಲ್ಲಿ ಸಿಕ್ಕಿತು. 2017ರ ನಿಯಮಗಳ ಪ್ರಕಾರ 30 ಸೆಕೆಂಡ್ ಮೀರದ ಎಂಪಿ3 ಕಡತ ಮತ್ತು ಸ್ವರಲಿಪಿ ಕೊಡಬೇಕು. ಮನರಂಜನೆಗೆ 41ನೇ ವರ್ಗ. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ, ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣ. ಅರ್ಜಿಗೆ ಮೂಲ ರೂಪವನ್ನೇ ಕೊಡಿ, ಹಬ್ಬದ್ದನ್ನಲ್ಲ. ಉಚಿತ ಲೂಪ್ ಸಂಗ್ರಹದಿಂದ ಎತ್ತಿದ ತುಣುಕು ಟ್ಯೂನಿನಲ್ಲಿದ್ದರೆ ಈ ದಾರಿ ಹಿಡಿಯಲೇಬೇಡಿ. ಅದೇ ಲೂಪ್ ಬಳಸಿದ ಇನ್ನೊಬ್ಬರು ಯೂಟ್ಯೂಬಿನಲ್ಲಿ ನಿಮ್ಮ ಮೇಲೆಯೇ ಹಕ್ಕು ಸಾಧಿಸಬಹುದು.

ರೂಪಾಂತರಗಳ ಕಡತಕ್ಕೆ ಹೆಸರಿಡುವುದು ಹೇಗೆ?

ಕಾರ್ಯಕ್ರಮ, ಕಂತು, ಪ್ರಸಾರದ ವರ್ಷ, ಉದ್ದ ಚೌಕಟ್ಟಿನಲ್ಲಿ, ನಿಲ್ಲುವ ಸ್ವರ, ಇಷ್ಟು ಇದೇ ಕ್ರಮದಲ್ಲಿ. ಟೇಪಿನಿಂದ ತೆಗೆದದ್ದಾದರೆ ಟೇಪಿನ ಸಂಖ್ಯೆ ಮತ್ತು ಗುಂಯ್ ಗೆರೆ ಎಷ್ಟು ಹರ್ಟ್ಸಿನಲ್ಲಿತ್ತು ಅನ್ನುವುದೂ ಸೇರಲಿ. 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಎಂದು ಹೆಸರಿಟ್ಟ ಕಡತಗಳಲ್ಲಿ ಯಾವುದು ಪ್ರಸಾರವಾಯಿತು ಅಂತ ಆರು ತಿಂಗಳ ಮೇಲೆ ಇಟ್ಟವರಿಗೇ ಗೊತ್ತಿರುವುದಿಲ್ಲ.